ಸೇವಾ ಡೈರಿಗೆ ಸುಳ್ಳು ಸಹಿ ಹಾಕ್ಲಾ ಅಂತ ಕೇಳಿದ ಅಕ್ಕಾವ್ರಿಗೆ

ಬಳ್ಳಾರಿ ಕೌಲ್ ಬಜಾರಿಂದ ಒಬ್ರು ತಾಯಿ ಬರೆದಿದಾರೆ, ಹೆಸರು ಹಾಕ್ಬೇಡಿ ಅಂತ ಮೊದಲ ಸಾಲಲ್ಲೇ ಹೇಳಿದಾರೆ, ಹಾಕಿಲ್ಲ. ಪತ್ರ ನಾಲ್ಕು ಪುಟ ಐತೆ, ಸಾರ ಇಷ್ಟು. ಮಗಳು ಕ್ಯಾಥೋಲಿಕ್ ಸಿಸ್ಟರ್‌ಗಳು ನಡೆಸೋ ಹೈಸ್ಕೂಲಲ್ಲಿ ಒಂಬತ್ತನೇ ಕ್ಲಾಸು, ಸ್ಟೇಟ್ ಸಿಲಬಸ್. ವರ್ಷಕ್ಕೆ 30 ಗಂಟೆ ಸಮಾಜಸೇವೆ ಮಾಡಿ ಡೈರೀಲಿ ಬರೆದು ಸಹಿ ಮಾಡಿಸ್ಕೊಂಡು ಬರ್ಬೇಕು, ಅದರ ಮೇಲೆ ಒಂಬತ್ತರಲ್ಲಿ 60 ಪರ್ಸೆಂಟ್ ಬರದಿದ್ರೆ ಹತ್ತಕ್ಕೆ ಬೇರೆ ಸ್ಕೂಲ್ ನೋಡ್ಕೊಳ್ಳಿ ಅಂತ ಬಾಯಲ್ಲಿ ಹೇಳಿದಾರಂತೆ. ಮನೇಲಿ ಜೀನ್ಸ್ ಹೊಲಿಯೋ ಕೆಲಸ, ಮಗಳು ಸಂಜೆ ಕೂತು ದಾರ ಕತ್ತರಿಸಿ ಕೊಡ್ತಾಳೆ, ಸೇವೆಗೆ ಟೈಮ್ ಎಲ್ಲಿಂದ ತರೋದು ಅಂತ ಕೇಳ್ತಾರೆ. ಉಳಿದ ತಂದೆತಾಯಿ "ವೃದ್ಧಾಶ್ರಮ, 3 ಗಂಟೆ" ಅಂತ ಮನೇಲೇ ಬರೆದು ಸಹಿ ಹಾಕಿ ಕಳಿಸ್ತಾರೆ, ನಾನೂ ಹಾಕ್ಲಾ? ಹಾಕದಿದ್ರೆ ಎಸ್ಸೆಸ್ಸೆಲ್ಸಿಗೆ ತೊಂದ್ರೆ ಆಗುತ್ತಾ? ಡಲ್ಲಾಸ್‌ನಲ್ಲಿರೋ ತಮ್ಮನ ಮಗಂಗೂ ಕ್ಯಾಥೋಲಿಕ್ ಸ್ಕೂಲಲ್ಲಿ ಇದೇ ರೂಲಂತೆ, ಗಂಟೆ ಮುಗಿಸದಿದ್ರೆ ಸರ್ಟಿಫಿಕೇಟೇ ಕೊಡಲ್ವಂತೆ. ಅತ್ತೆಯೋರು ಬೇರೆ ಇದು ಮತಕ್ಕೆ ಎಳ್ಕೊಳ್ಳೋ ದಾರಿ ಅಂತ ದಿನಾ ಗೊಣಗ್ತಾರಂತೆ.

ಅಕ್ಕಾವ್ರೇ, ಮೊದಲು ಸಹಿ ವಿಷಯ. ಹಾಕ್ಬೇಡಿ. ಧರ್ಮ ಅಧರ್ಮ ಅಂತ ಭಾಷಣ ಮಾಡಾಕಲ್ಲ ನಾನು ಹೇಳ್ತಿರೋದು, ಆ ಸಹಿ ಹಾಕೋ ಅವಶ್ಯಕತೆನೇ ಇಲ್ಲ ಅಂತ, ಅದು ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಡಲ್ಲಾಸ್ ಹುಡುಗನ ಕಥೆ ಬೇರೆ, ನಿಮ್ಮ ಮಗಳ ಕಥೆ ಬೇರೆ. ಅಮೆರಿಕಾದಲ್ಲಿ ಹೈಸ್ಕೂಲು ಅಂದ್ರೆ ನಾಲ್ಕು ವರ್ಷ, ಒಂಬತ್ತರಿಂದ ಹನ್ನೆರಡರವರೆಗೆ, ಕೊನೇಲಿ ಡಿಪ್ಲೊಮಾ ಕೊಡೋದು ಆ ಸ್ಕೂಲೇ, ನಮ್ಮಂಗೆ ಬೋರ್ಡು, ಹಾಲ್ ಟಿಕೆಟ್ಟು, ದೂರದ ಸೆಂಟರ್ರು ಇಲ್ಲ. ಇಂಗ್ಲಿಷು, ಗಣಿತ, ಸೈನ್ಸು, ಹಿಸ್ಟರಿ ಒಂದೊಂದಕ್ಕೂ ಇಷ್ಟಿಷ್ಟು ಕ್ರೆಡಿಟ್ಟು ಅಂತ ಕೂಡಿಸ್ಕೊಂಡು ಹೋಗ್ಬೇಕು, ಕ್ಯಾಥೋಲಿಕ್ ಸ್ಕೂಲಾದ್ರೆ ಸಾಮಾನ್ಯವಾಗಿ ನಾಲ್ಕು ವರ್ಷನೂ ಥಿಯಾಲಜಿ, ಅಂದ್ರೆ ಅವರ ಧರ್ಮದ ಪಾಠ, ಅನ್ನೋ ಒಂದು ಸಬ್ಜೆಕ್ಟು, ಅದರ ಜೊತೆ ಸೇವೆಯ ಗಂಟೆ. ಎಷ್ಟು ಗಂಟೆ ಅಂತ ಆಯಾ ಸ್ಕೂಲು ತೀರ್ಮಾನ ಮಾಡುತ್ತೆ. ಸಂಬಳ ತಗೊಂಡ ಕೆಲಸ ಲೆಕ್ಕಕ್ಕಿಲ್ಲ, ಬಹಳ ಕಡೆ ಸ್ವಂತ ಮನೆಯೋರಿಗೆ ಮಾಡಿದ್ದೂ ಲೆಕ್ಕಕ್ಕಿಲ್ಲ, ಸಹಿ ಹಾಕ್ಬೇಕಾದೋರು ಕೆಲಸ ಮಾಡಿಸ್ಕೊಂಡ ಸಂಸ್ಥೆಯೋರು, ಅಪ್ಪ ಅಮ್ಮ ಅಲ್ಲ. ಸರ್ಟಿಫಿಕೇಟು ಕೊಡೋರೇ ಷರತ್ತು ಹಾಕ್ತಾರೆ, ಹಂಗಾಗಿ ಅಲ್ಲಿ ಆ ರೂಲಿಗೆ ಹಲ್ಲು ಐತೆ.

ನಿಮ್ಮ ಮಗಳ ಮಾರ್ಕ್ಸ್‌ಕಾರ್ಡು ಸಿಸ್ಟರ್ ಕೊಡಲ್ಲ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಕೊಡುತ್ತೆ. ಮಂಡಳಿ ಕೇಳೋದು 75 ಪರ್ಸೆಂಟ್ ಹಾಜರಾತಿ, ಆರು ಸಬ್ಜೆಕ್ಟಿನ 500 ಮಾರ್ಕ್ಸ್ ಪರೀಕ್ಷೆ, ಸ್ಕೂಲಲ್ಲಿ ಮಾಡಿದ ಇಂಟರ್ನಲ್ಲು ಸೇರಿ ಒಟ್ಟು 625. ಸೇವಾ ಡೈರಿ ಅನ್ನೋದು ಅದರಲ್ಲಿ ಎಲ್ಲೂ ಇಲ್ಲ, ಅದು ಖಾಲಿ ಐತೆ ಅಂತ ಹಾಲ್ ಟಿಕೆಟ್ ನಿಲ್ಸಾಕೆ ಬರಲ್ಲ. ಐಸಿಎಸ್‌ಇ ಸ್ಕೂಲಾಗಿದ್ರೆ ಮಾತು ಬೇರೆ ಇತ್ತು, ಅಲ್ಲಿ ಎಸ್‌ಯುಪಿಡಬ್ಲ್ಯು (ಸಮಾಜಕ್ಕೆ ಉಪಯೋಗ ಆಗೋ ಕೈಕೆಲಸ) ಮತ್ತು ಸಮುದಾಯ ಸೇವೆ ಅಂತ ಗ್ರೇಡು ಕೊಡ್ತಾರೆ, ಅದರಲ್ಲಿ ಪಾಸಾಗದಿದ್ರೆ ಪಾಸ್ ಸರ್ಟಿಫಿಕೇಟೇ ಬರಲ್ಲ, ಅದು ಬೋರ್ಡಿಂದೇ ರೂಲು. ನಿಮ್ದು ಸ್ಟೇಟ್ ಸಿಲಬಸ್ ಅಂತ ನೀವೇ ಬರೆದಿದೀರಿ.

ಆದ್ರೆ ಒಂದು ಮಾತು ಮುಚ್ಚಿಡಲ್ಲ. ಹತ್ತನೇ ಕ್ಲಾಸಿನ ಇಂಟರ್ನಲ್ ಅಂದ್ರೆ ಫಸ್ಟ್ ಲ್ಯಾಂಗ್ವೇಜಿಗೆ 25, ಉಳಿದ ಐದಕ್ಕೆ ತಲಾ 20, ಒಟ್ಟು 125 ಮಾರ್ಕ್ಸು ಸ್ಕೂಲಿನ ಕೈಯಲ್ಲೇ ಇರುತ್ತೆ. ಅದನ್ನ ಟೆಸ್ಟು, ಪ್ರಾಜೆಕ್ಟು, ಚಟುವಟಿಕೆ ನೋಡಿ ಕೊಡ್ಬೇಕು, ಡೈರಿ ನೋಡಿ ಅಲ್ಲ. ಆದ್ರೂ ತಂದೆತಾಯಿಗೆ ಒಳಗೊಳಗೆ ಭಯ ಇರುತ್ತೆ, ಎದುರು ಮಾತಾಡಿದ್ರೆ ಮಗು ಮೇಲೆ ತೀರಿಸ್ಕೊಂಡ್ರೆ ಅಂತ. ಸುಳ್ಳು ಸಹಿ ಹುಟ್ಟೋದೇ ಆ ಭಯದಿಂದ ಅನ್ಸುತ್ತೆ ನಂಗೆ, ಸೋಮಾರಿತನದಿಂದಲ್ಲ.

ಇನ್ನು ಆ 60 ಪರ್ಸೆಂಟು. ನಂಗೆ ಸಿಟ್ಟು ಬಂದಿದ್ದು ಇಲ್ಲೇ, ಡೈರಿ ವಿಷಯಕ್ಕಲ್ಲ. ಒಂಬತ್ತು ಪಾಸಾದ ಹುಡುಗೀನ ಪರ್ಸೆಂಟ್ ಕಮ್ಮಿ ಅಂತ ಟಿಸಿ ಕೊಟ್ಟು ಕಳಿಸೋದು ಯಾಕೆ ಗೊತ್ತಾ, ಮುಂದಿನ ವರ್ಷ ಗೇಟಿನ ಮೇಲೆ ನೂರಕ್ಕೆ ನೂರು ರಿಸಲ್ಟ್ ಅಂತ ಫ್ಲೆಕ್ಸ್ ಕಟ್ಟಾಕೆ. ಎಲ್ಲಾ ತರದ ಸ್ಕೂಲೂ ಮಾಡುತ್ತೆ ಇದನ್ನ, ಸೇವೆ ಸೇವೆ ಅನ್ನೋ ಸ್ಕೂಲು ಮಾಡಿದ್ರೆ ಇನ್ನೂ ಜಾಸ್ತಿ ಉರಿಯುತ್ತೆ. ಬಾಯಲ್ಲಿ ಹೇಳಿದ್ದನ್ನ ಬರವಣಿಗೇಲಿ ಕೊಡಿ ಅಂತ ಕೇಳಿ, ಬಹಳ ಸಲ ಅಲ್ಲಿಗೇ ಮಾತು ನಿಲ್ಲುತ್ತೆ. ನಿಲ್ಲದಿದ್ರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಸೀಲ್ ಮರೀಬೇಡಿ.

ಅತ್ತೆಯೋರಿಗೆ ಏನ್ ಹೇಳ್ಬೇಕು ಅಂದ್ರೆ, ಸಂವಿಧಾನದ 28(3)ನೇ ವಿಧಿ ಪ್ರಕಾರ ಸರಕಾರದ ಮಾನ್ಯತೆ ಅಥವಾ ಅನುದಾನ ಇರೋ ಯಾವ ಶಾಲೇಲೂ ಮಗೂನ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂತ್ಕೋ ಅಂತ ಪೋಷಕರ ಒಪ್ಪಿಗೆ ಇಲ್ದೆ ಕಡ್ಡಾಯ ಮಾಡಂಗಿಲ್ಲ. ಅದಕ್ಕೇ ಈ ಶಾಲೆಗಳಲ್ಲಿ ಸಾಮಾನ್ಯವಾಗಿ ಕ್ಯಾಥೋಲಿಕ್ ಮಕ್ಕಳಿಗೆ ಕ್ಯಾಟೆಕಿಸಂ ಅನ್ನೋ ಧರ್ಮಪಾಠ, ಉಳಿದೋರಿಗೆ ಮಾರಲ್ ಸೈನ್ಸು ಅಂತ ಬೇರೆ ಬೇರೆ ಕೂರಿಸ್ತಾರೆ. ಇವರೇನು ನಿನ್ನೆ ಮೊನ್ನೆ ಬಂದೋರಲ್ಲ, ರಾಯಚೂರು ಜಿಲ್ಲೆ ಮುದಗಲ್‌ನಲ್ಲಿ ಬಿಜಾಪುರದ ಸುಲ್ತಾನರ ಕಾಲದಿಂದ ಕ್ಯಾಥೋಲಿಕರಿದಾರೆ, ಬಳ್ಳಾರಿ ಧರ್ಮಪ್ರಾಂತ್ಯನೇ (ಒಬ್ಬ ಬಿಷಪ್ ನೋಡ್ಕೊಳ್ಳೋ ಸೀಮೆ) 1949ರದು, ರಾಯಚೂರು ಕೊಪ್ಪಳನೂ ಅದಕ್ಕೇ ಸೇರ್ತವೆ. ಸೇವೆ ಮಾಡ್ಸೋದರ ಹಿಂದೆ ಅವರ ನಂಬಿಕೆ ಇಲ್ವಾ ಅಂದ್ರೆ ಖಂಡಿತ ಐತೆ, ಹಸಿದೋರಿಗೆ, ಉಡಾಕೆ ಬಟ್ಟೆ ಇಲ್ದೋರಿಗೆ ಮಾಡಿದ್ದು ನಂಗೇ ಮಾಡಿದಂಗೆ ಅಂತ ಯೇಸು ಹೇಳೋ ಮಾತು ಮತ್ತಾಯನ 25ನೇ ಅಧ್ಯಾಯದಲ್ಲಿ ಬರುತ್ತೆ. ಆದ್ರೆ ಕಾಯಕ ದಾಸೋಹದ ನೆಲದಲ್ಲಿ ಕೂತು ಸೇವೆ ಅನ್ನೋದು ಅವರದೊಂದೇ ಅನ್ನಾಕಾಗುತ್ತಾ? ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ರೊಟ್ಟಿ ತಟ್ಕೊಂಡು ಗಾಡೀಲಿ ಹೇರ್ಕೊಂಡು ಬರ್ತಾರಲ್ಲ, ಅವರ ಹತ್ರ ಯಾವ ಡೈರಿ ಐತೆ ಹೇಳ್ರಿ. ಸರಕಾರದ ಕೊಠಾರಿ ಆಯೋಗ ಕೂಡ 1964-66ರಲ್ಲೇ ಓದಿನ ಜೊತೆ ಸಮಾಜಸೇವೆ ಇರ್ಲಿ ಅಂತ ಹೇಳಿತ್ತು.

ಹಂಗಂತ ಸೇವೆ ಹೆಸರಲ್ಲಿ ಏನ್ ಮಾಡ್ಸಿದ್ರೂ ಸರಿ ಅಂತಲ್ಲ. ನಾನು ಎಂಟನೇ ಕ್ಲಾಸಲ್ಲಿದ್ದಾಗ, ಸ್ಕೂಲ್ ಹೆಸರು ಬೇಡ, ಶನಿವಾರ ಶ್ರಮದಾನ ಅಂತ ನಮ್ಮನ್ನ ಸಾಲಾಗಿ ಕರ್ಕೊಂಡು ಹೋಗಿ ಹೆಡ್ಮಾಸ್ಟ್ರು ಕಟ್ಟಿಸ್ತಿದ್ದ ಹೊಸ ಮನೆಗೆ ಇಟ್ಟಿಗೆ ಹೊರಿಸ್ತಿದ್ರು, ನಾವು ಕ್ಲಾಸ್ ತಪ್ಪಿತು ಅಂತ ಖುಷಿಯಾಗೇ ಹೊರ್ತಿದ್ವಿ, ಅದು ಶ್ರಮ ಹೌದು ದಾನ ಅಲ್ಲ ಅಂತ ಗೊತ್ತಾಗಿದ್ದು ಮೀಸೆ ಬಂದ ಮೇಲೆ. ಈಗ ಮಕ್ಕಳ ಕೈಲಿ ಶೌಚಾಲಯ ತೊಳಸ್ಬಾರ್ದು ಅಂತ ಶಿಕ್ಷಣ ಇಲಾಖೆ ಸುತ್ತೋಲೆನೇ ಐತೆ. ಅಂಥದ್ದೇನಾದ್ರೂ ಮಾಡ್ಸಿದ್ರೆ ನಂಗೆ ಇನ್ನೊಂದು ಪತ್ರ ಹಾಕಿ, ಆಗ ಬೇರೆ ತರ ಬರೀತೀನಿ.

ಶಾಲೆ ಕಾಲೇಜು ನಡೆಸೋ ಜೆಸ್ವಿಟರು ಅನ್ನೋ ಕ್ಯಾಥೋಲಿಕ್ ಪಾದ್ರಿಗಳ ಸಂಘಕ್ಕೆ ಪೆದ್ರೊ ಅರೂಪೆ ಅಂತ ಮುಖ್ಯಸ್ಥರಿದ್ರು, 1973ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ತಮ್ಮದೇ ಶಾಲೆಗಳ ಹಳೇ ವಿದ್ಯಾರ್ಥಿಗಳ ಮುಂದೆ ನಿಂತು, ನಿಮ್ಮನ್ನ ನ್ಯಾಯಕ್ಕಾಗಿ ಬದುಕೋರನ್ನಾಗಿ ನಾವು ತಯಾರು ಮಾಡ್ಲಿಲ್ಲ ಅಂತ ಒಪ್ಕೊಂಡ್ರು, ಎದುರಿಗೆ ಕೂತಿದ್ದೋರಿಗೆ ಮುಜುಗರ ಆಗಿರ್ಬೇಕು. ಶಾಲೆಯಿಂದ ಹೊರಗೆ ಬರೋದು ಪರರಿಗಾಗಿ ಬಾಳೋ ಮನುಷ್ಯರಾಗಿರ್ಬೇಕು ಅನ್ನೋದು ಅವರ ಮಾತು. ಲೋಕದ ಎಷ್ಟೋ ಕ್ಯಾಥೋಲಿಕ್ ಶಾಲೆಗಳು ಆಮೇಲೆ ಅದನ್ನೇ ಹಿಡ್ಕೊಂಡ್ವು, ಬರ್ತಾ ಬರ್ತಾ ಅದು ಗಂಟೆ ಲೆಕ್ಕ ಆಯ್ತು, ಯಾಕಂದ್ರೆ ಮನಸ್ಸನ್ನ ಅಳೆಯಾಕಾಗಲ್ಲ ಗಂಟೆ ಅಳೀಬಹುದು. ಗಂಟೆ ಕೇಳೋ ಸ್ಕೂಲಿಗೆ ಸುಳ್ಳು ಗಂಟೆ ಸಿಗುತ್ತೆ, ಇದು ಸಿಸ್ಟರ್‌ಗೂ ಗೊತ್ತು, ನೀವು ನಂಬಿ.

ಹಂಗಾದ್ರೆ ಏನ್ ಮಾಡ್ಬೇಕು? ಜೀನ್ಸ್ ದಾರ ಕತ್ತರಿಸೋದನ್ನ ಸೇವೆ ಅಂತ ಬರೀಬಹುದಾ ಅಂತ ಕೇಳಿದೀರಿ. ಇಲ್ಲ ಅಕ್ಕಾ, ಅದು ಮನೆ ದುಡಿಮೆ. ಸ್ಕೂಲ್ ಮುಗಿಸಿ ಬಂದು ಮನೆಯೋರ ಕೆಲಸಕ್ಕೆ ಕೈ ಜೋಡಿಸ್ತಾಳೆ, ಮುಚ್ಚಿಡೋ ವಿಷಯ ಅಲ್ಲ ಅದು, ಜೀನ್ಸ್ ತೊಳೆಯೋ ವಾಷಿಂಗ್ ಯುನಿಟ್ ಕಡೆ ಮಾತ್ರ ಯಾವ ಕಾರಣಕ್ಕೂ ಕಳಿಸ್ಬೇಡಿ, ಕೆಮಿಕಲ್ ಅದು. ಆದ್ರೆ ಹುಡುಗಿಗೆ ಟೈಮ್ ಎಷ್ಟೈತೆ ಅನ್ನೋದಕ್ಕೆ ಅದೇ ಸಾಕ್ಷಿ, ಸಿಸ್ಟರ್ ಹತ್ರ ಹೋಗಿ ಅದನ್ನೇ ನೇರವಾಗಿ ಹೇಳಿ. ಮನೇಲಿ ಹಿಂಗೈತೆ, ಊರಾಚೆ ವೃದ್ಧಾಶ್ರಮಕ್ಕೆ ಆಟೋ ಚಾರ್ಜ್ ಕೊಟ್ಟು ಕಳಿಸಾಕಾಗಲ್ಲ, ನಮ್ಮ ಓಣೀಲೇ ಏನಾದ್ರೂ ಮಾಡ್ಲಾ ಅಂತ ಕೇಳಿ. 30 ಗಂಟೆ ಅಂದ್ರೆ ಭಯ ಬೀಳ್ಬೇಡಿ, 40 ವಾರಕ್ಕೆ ಹಂಚಿದ್ರೆ ವಾರಕ್ಕೆ ಮುಕ್ಕಾಲು ಗಂಟೆ. ಓಣೀಲಿ ಎರಡನೇ ಮೂರನೇ ಕ್ಲಾಸಿನ ಮಕ್ಕಳು ಇದ್ದೇ ಇರ್ತಾರೆ, ಭಾನುವಾರ ಬೆಳಗ್ಗೆ ಬಿಸಿಲೇರೋ ಮುಂಚೆ ನಾಲ್ಕು ಜನರನ್ನ ಕೂರಿಸ್ಕೊಂಡು ಕಾಗುಣಿತ ಹೇಳ್ಕೊಡ್ಲಿ, ಮಗ್ಗಿ ಹೇಳಿಸ್ಲಿ, ಆ ಮಕ್ಕಳ ತಾಯಂದಿರೇ ಸಹಿ ಹಾಕ್ತಾರೆ, ಅವರಿಗೆ ಬರೆಯಾಕೆ ಬರದಿದ್ರೆ ಹೆಬ್ಬೆಟ್ಟು. ಹೇಳ್ಕೊಡೋಳಿಗೂ ಲಾಭನೇ, ಭಿನ್ನರಾಶಿ ಮರೆತ ಹುಡುಗೀರಿಗೆ ಮತ್ತೆ ನೆನಪಾಗೋದು ಇನ್ನೊಬ್ರಿಗೆ ಹೇಳ್ಕೊಡೋವಾಗ.

ಜೂನ್‌ನಿಂದ ಇಲ್ಲೀವರೆಗಿನ ಪುಟ ಖಾಲಿ ಐತೆ ಅಂದ್ರಲ್ಲ, ಖಾಲಿನೇ ಬಿಡಿ, ಹರೀಬೇಡಿ, ತುಂಬಿಸ್ಬೇಡಿ. ಸಿಸ್ಟರ್ ಏನಂದ್ರು ಅಂತ ಒಂದು ಕಾರ್ಡ್ ಹಾಕಿ. 60 ಪರ್ಸೆಂಟ್ ಮಾತನ್ನ ಬರವಣಿಗೇಲಿ ಕೊಟ್ರೆ ಅದರ ಜೆರಾಕ್ಸ್ ನಂಗೂ ಒಂದು ಕಳಿಸ್ರಿ.