ಒಂದೇ ದಿನದಲ್ಲಿ ಹಂಪಿ, ಅಂಜನಾದ್ರಿ, ಹುಲಿಗಿ ಮೂರೂ ನೋಡಬಹುದಾ? ಜೊತೆಗೆ ವಯಸ್ಸಾದ ತಾಯಿ ಇದ್ದಾರೆ

ಆಗಲ್ಲ ಬಿಡಿ. ಹೊಸಪೇಟೆಯಲ್ಲಿ ಉಳಿದು ಬೆಳಿಗ್ಗೆ ಹಂಪಿ, ಮಧ್ಯಾಹ್ನ ಅಲ್ಲೇ ಕಾರು ನಿಲ್ಲಿಸಿ ದೋಣಿಯಲ್ಲಿ ತುಂಗಭದ್ರಾ ಹೊಳೆ ದಾಟಿ ಅಂಜನಾದ್ರಿ ಬೆಟ್ಟ, ಸಂಜೆ ಹುಲಿಗಿಯ ಹುಲಿಗೆಮ್ಮನ ಗುಡಿ ಅಂತ ಬರೆದಿದ್ದೀರಿ. ನಾನು ಗಂಗಾವತಿಯವನು. ಬೆಂಗಳೂರು ಕಡೆಯಿಂದ ಬರುವ ನೆಂಟರೆಲ್ಲ ನಮಗೆ ತೋರಿಸುವುದು ಇದೇ ಪ್ಲಾನು. ಮ್ಯಾಪಿನಲ್ಲಿ ಅಂಜನಾದ್ರಿ ಹಂಪಿಯ ಎದುರಿಗೇ ಕಾಣುತ್ತದಲ್ಲ, ಅದಕ್ಕೆ.

ನಮ್ಮ ಅತ್ತೆಯ ಮಗ ಹೀಗೇ ಹೊರಟ. ಹೆಂಡತಿ, ಮಕ್ಕಳು, ಅತ್ತೆ ಎಲ್ಲರೂ ದೋಣಿ ದಾಟಿದರು, ಆಚೆ ದಡದಲ್ಲಿ ಆಟೋ ಹಿಡಿದು ಬೆಟ್ಟಕ್ಕೆ ಹೋದರು. ಇಳಿದು ದಡಕ್ಕೆ ಬರುವಷ್ಟರಲ್ಲಿ ದೋಣಿ ಕಟ್ಟಿಹಾಕಿದ್ದರು. ಕಾರು ಎದುರು ದಡದಲ್ಲಿ ಕಣ್ಣಿಗೆ ಕಾಣುವಷ್ಟು ಹತ್ತಿರ, ಆದರೆ ಹೋಗಲು ಆಟೋದಲ್ಲಿ ಆನೆಗೊಂದಿ, ಕಡೆಬಾಗಿಲು, ಬುಕ್ಕಸಾಗರ, ಕಮಲಾಪುರ ಎಲ್ಲ ಸುತ್ತಬೇಕಾಯಿತು. ಕತ್ತಲಲ್ಲಿ ಆಟೋದವನು ಕೇಳಿದ್ದೇ ರೇಟು. ಹುಲಿಗಿ ತಪ್ಪಿತು, ಅತ್ತೆಯ ಬೈಗುಳ ಮಾತ್ರ ತಪ್ಪಲಿಲ್ಲ.

ಇದು ಯಾಕೆ ಆಗುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಿ, ನಿಮ್ಮ ಪ್ಲಾನಿನಲ್ಲಿ ಕೆಡುವುದು ಇದೊಂದೇ. ಹಂಪಿಯಿಂದ ಎದುರು ದಡದ ವಿರೂಪಾಪುರ ಗಡ್ಡಿಗೆ ಸೇತುವೆ ಇಲ್ಲ. ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕಾಮಗಾರಿ ನಡೆದಿರುವಾಗಲೇ ಕುಸಿಯಿತು. ಕಾರು ದಾಟುವುದು ಕೆಳಗಡೆ ಬುಕ್ಕಸಾಗರ–ಕಡೆಬಾಗಿಲು ಸೇತುವೆಯಲ್ಲಿ, ಇಲ್ಲವೇ ಹೊಸಪೇಟೆ–ಮುನಿರಾಬಾದ್ ಕಡೆಯಿಂದ. ಉಳಿದದ್ದು ದೋಣಿ. ದೋಣಿಯನ್ನು ಕತ್ತಲಾಗುವ ಮುಂಚೆ ನಿಲ್ಲಿಸುತ್ತಾರೆ, ಕೊನೆಯ ದೋಣಿ ಎಷ್ಟೊತ್ತಿಗೆ ಅನ್ನುವುದು ಅವತ್ತಿನ ಜನ, ನೀರು ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ. ಸಂಜೆ ಐದಕ್ಕೆ ದಡದಲ್ಲಿ ಇಲ್ಲದಿದ್ದರೆ ದೋಣಿ ನಂಬಬೇಡಿ. ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತೇ ಇರುವುದಿಲ್ಲ: ಇಲ್ಲಿ ಹೊಳೆ ಏರುವುದು ಇಲ್ಲಿನ ಮಳೆಯಿಂದಲ್ಲ. ಶಿವಮೊಗ್ಗ, ಚಿಕ್ಕಮಗಳೂರು ಕಡೆ ಮಳೆ ಹಿಡಿದರೆ ತುಂಗಭದ್ರಾ ಡ್ಯಾಮು ತುಂಬುತ್ತದೆ, ಗೇಟು ತೆಗೆಯುತ್ತಾರೆ, ಹಂಪಿಯಲ್ಲಿ ರಣಬಿಸಿಲಿದ್ದರೂ ದೋಣಿ ಬಂದ್. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನು ಕಡಿದಾಗಲಂತೂ ಕೇಳುವುದೇ ಬೇಡ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬರುವವರು ಹವಾಮಾನ ನೋಡಬೇಡಿ, ಡ್ಯಾಮಿನ ಹೊರಹರಿವು ಎಷ್ಟಿದೆ ಅಂತ ಪೇಪರಿನಲ್ಲಿ ನೋಡಿ. ಹೊಳೆದಂಡೆಯ ಪುರಂದರ ಮಂಟಪಕ್ಕೆ ನೀರು ನುಗ್ಗಿದೆ ಅಂತ ಸುದ್ದಿ ಬಂದರೆ ಅವತ್ತು ದೋಣಿಯ ಆಸೆ ಬಿಡಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಯಾವುದು ಮೊದಲು ಯಾವುದು ಆಮೇಲೆ ಅಂತಲ್ಲ, ಹೊಳೆಯ ಈಚೆ ಹಂಪಿ ಕಡೆ ಒಂದು ದಿನ, ಆಚೆ ಅಂಜನಾದ್ರಿ ಕಡೆ ಒಂದು ದಿನ. ಒಂದೇ ದಿನ ಇರುವುದಾದರೆ ಅಂಜನಾದ್ರಿ ಬಿಡಿ. ಕೊಪ್ಪಳ ಜಿಲ್ಲೆಯವನಾಗಿ ಹೀಗೆ ಹೇಳಲು ಮನಸ್ಸಿಲ್ಲ, ಆದರೂ ಮೊಣಕಾಲು ನೋವಿನ ತಾಯಿಯನ್ನು ಕರೆದುಕೊಂಡು ಅಲ್ಲಿಗೆ ಓಡುವುದರಲ್ಲಿ ಅರ್ಥವಿಲ್ಲ.

ಈಚೆ ದಿನ ವಿಠ್ಠಲ ದೇವಸ್ಥಾನದಿಂದ ಶುರು ಮಾಡಿ, ಅದೂ ಬಾಗಿಲು ತೆರೆದ ಕೂಡಲೇ. ಕಾರು ಗೆಜ್ಜಲ ಮಂಟಪದ ಹತ್ತಿರವೇ ನಿಲ್ಲಬೇಕು, ಅಲ್ಲಿಂದ ಸುಮಾರು 1 ಕಿ.ಮೀ. ಬ್ಯಾಟರಿ ಗಾಡಿ. ರಜಾದಿನ ಹತ್ತು ಗಂಟೆ ದಾಟಿದರೆ ಆ ಗಾಡಿಗೆ ಬಿಸಿಲಲ್ಲಿ ಕ್ಯೂ ನಿಲ್ಲಬೇಕು, ವಯಸ್ಸಾದವರು ಸುಸ್ತಾಗುವುದು ಗುಡಿಯಲ್ಲಲ್ಲ, ಇಲ್ಲಿ. ಟಿಕೆಟ್ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಆ ಟಿಕೆಟ್ ಬಿಸಾಡಬೇಡಿ, ಅದೇ ದಿನ ಕಮಲ ಮಹಲಿನ ಆವರಣಕ್ಕೂ ಕಮಲಾಪುರದ ಮ್ಯೂಸಿಯಮ್ಮಿಗೂ ಅದೇ ನಡೆಯುತ್ತದೆ. ಸಂಗೀತದ ಕಂಬ ಬಡಿಯಲು ಬಿಡುವುದಿಲ್ಲ, ಕೇಳಲೂ ಹೋಗಬೇಡಿ. 50 ರೂಪಾಯಿ ನೋಟಿನಲ್ಲಿರುವ ಕಲ್ಲಿನ ತೇರಿನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ನೀವು ಪಕ್ಕಕ್ಕೆ ಹೋಗಿ ತೇರಿನ ಮುಂದಿರುವ ಕಲ್ಲಿನ ಆನೆಗಳ ಹಿಂದುಗಡೆ ನೋಡಿ. ಅಲ್ಲಿ ಕುದುರೆಯ ಬಾಲ, ಹಿಂಗಾಲು ಉಳಿದಿವೆ. ಮೊದಲು ಇದ್ದದ್ದು ಕುದುರೆಗಳು, ಆನೆಗಳನ್ನು ಆಮೇಲೆ ತಂದು ಇಟ್ಟದ್ದು.

ಅಲ್ಲಿಂದ ಕಮಲ ಮಹಲ್, ಗಜಶಾಲೆ, ಹಜಾರರಾಮ. ಮೂರೂ ಸಮತಟ್ಟು, ತಾಯಿಯವರಿಗೆ ತೊಂದರೆ ಇಲ್ಲ. ಮಹಾನವಮಿ ದಿಬ್ಬದ ಮೆಟ್ಟಿಲು ಕಡಿದು, ಕೆಳಗಿನಿಂದಲೇ ಅದರ ಗೋಡೆಯ ಕೆತ್ತನೆ ತೋರಿಸಿ ಸಾಕು. ಹನ್ನೆರಡರಿಂದ ಮೂರೂವರೆವರೆಗೆ ಬಂಡೆಗಳ ನಡುವೆ ಇರಬೇಡಿ. ಕಲ್ಲು ಕಾದು ಕೆಳಗಿನಿಂದಲೂ ಶಾಖ ಹೊಡೆಯುತ್ತದೆ, ಕೊಡೆ ಹಿಡಿದರೂ ಪ್ರಯೋಜನವಿಲ್ಲ. ಕಮಲಾಪುರದಲ್ಲಿ ಊಟ ಮಾಡಿ ಮ್ಯೂಸಿಯಂ ನೋಡಿ. ಅಲ್ಲಿರುವ ಹಂಪಿಯ ಮಾದರಿ ನೋಡಿದರೆ ಎಲ್ಲಿಂದ ಎಲ್ಲಿಗೆ ಬಂದಿರಿ ಅನ್ನುವುದು ತಲೆಗೆ ಹತ್ತುತ್ತದೆ.

ಬಿಸಿಲು ಇಳಿದ ಮೇಲೆ ಲಕ್ಷ್ಮೀ ನರಸಿಂಹ ಮತ್ತು ಬಡವಿಲಿಂಗ, ಎರಡೂ ಅಕ್ಕಪಕ್ಕ, ಹೆಚ್ಚು ನಡೆಯಬೇಕಿಲ್ಲ. 6.7 ಮೀಟರಿನ ಈ ನರಸಿಂಹನನ್ನು ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ. ಗೈಡುಗಳು ಉಗ್ರ ನರಸಿಂಹ ಅಂತಾರೆ, ನಂಬಬೇಡಿ. ತೊಡೆಯ ಮೇಲಿದ್ದ ಲಕ್ಷ್ಮಿಯ ಮೂರ್ತಿ ಒಡೆದು ಹೋಗಿದೆ, ಆದರೆ ಆಕೆಯ ಕೈ ಇನ್ನೂ ನರಸಿಂಹನ ಬೆನ್ನ ಮೇಲಿದೆ.

ವಿರೂಪಾಕ್ಷನ ದರ್ಶನ ಸಂಜೆಗೇ ಇಟ್ಟುಕೊಳ್ಳಿ. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕಿರುತ್ತಾರೆ, ಮೇಲಾಗಿ ಬರಿಗಾಲಲ್ಲಿ ಆ ಅಂಗಳದ ಕಲ್ಲು ತುಳಿಯಲು ಆಗುವುದಿಲ್ಲ. ತಾಯಿಯವರಿಗೆ ದಪ್ಪ ಹತ್ತಿಯ ಕಾಲುಚೀಲ ತನ್ನಿ. ಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ, ಗೋಡೆಯ ಸಣ್ಣ ಕಿಂಡಿಯ ಕೆಲಸ ಅದು. ಮೋಡ ಇದ್ದರೆ ಮಸುಕು, ಹಾಗಾಗಿ ಬೆಳಕಿರುವಾಗಲೇ ಒಳಗೆ ಹೋಗಿ. ಸೂರ್ಯಾಸ್ತಕ್ಕೆ ಪಕ್ಕದ ಹೇಮಕೂಟ ಬೆಟ್ಟ ಸಾಕು. ಆ ಬರೀ ಬಂಡೆಯ ಇಳಿಜಾರೂ ಬೇಡವೆಂದರೆ ಕಾರಿನಲ್ಲಿ ಮಾಲ್ಯವಂತ ಬೆಟ್ಟಕ್ಕೆ ಹೋಗಿ, ರಸ್ತೆ ಮೇಲಿನವರೆಗೂ ಇದೆ. ಮಾತಂಗ ಪರ್ವತ ಹುಡುಗರಿಗೆ ಬಿಡಿ.

ಕಾರು ಬಿಟ್ಟು ಆಟೋ ಮಾಡುವುದಾದರೆ ಗಂಟೆ ಲೆಕ್ಕದಲ್ಲಿ ಮಾತಾಡಬೇಡಿ. ಜಾಗಗಳ ಹೆಸರು ಹೇಳಿ, ಕಾಯುವುದೂ ಸೇರಿ ಇಷ್ಟು ಅಂತ ಮುಗಿಸಿ. ಮಾಲ್ಯವಂತದ ಹೆಸರು ಮೊದಲೇ ಹೇಳದಿದ್ದರೆ ಸಂಜೆ ಅದಕ್ಕೆ ಬೇರೆ ಕೇಳುತ್ತಾರೆ.

ಆಚೆ ದಿನ ರಸ್ತೆಯಲ್ಲೇ ಬನ್ನಿ. ಅಂಜನಾದ್ರಿಗೆ ಸುಮಾರು 575 ಮೆಟ್ಟಿಲು, ಹತ್ತುವವರು ಬೆಳಕು ಹರಿಯುವ ಹೊತ್ತಿಗೆ ಬುಡದಲ್ಲಿರಬೇಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಬೇಡ. ಒಳಗೆ ಏನಿದೆ ಅಂತ ಮಂಗ ನೋಡುವುದಿಲ್ಲ, ಚೀಲ ಕಂಡರೆ ಕಿತ್ತುಕೊಳ್ಳುತ್ತದೆ. ಹಣ್ಣುಕಾಯಿ ಬೆನ್ನಿನ ಬ್ಯಾಗಿನಲ್ಲಿ ಜಿಪ್ ಹಾಕಿ ಇಡಿ. ಅಷ್ಟರಲ್ಲಿ ಒಬ್ಬರು ತಾಯಿಯವರನ್ನು ಪಂಪಾ ಸರೋವರಕ್ಕೆ ಕರೆದೊಯ್ಯಲಿ, ಹತ್ತಿರದವರೆಗೂ ಕಾರು ಹೋಗುತ್ತದೆ. ಆಮೇಲೆ ಆನೆಗೊಂದಿಯ ರಂಗನಾಥನ ಗುಡಿ, ಹೊಳೆದಂಡೆಯ ಚಿಂತಾಮಣಿ ಗುಡಿ. ಹೊಳೆ ನಡುವಿನ ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳಿರುವ ನವಬೃಂದಾವನಕ್ಕೆ ನೀರು ಕಡಿಮೆಯಿದ್ದರೆ ಮಾತ್ರ ದೋಣಿಯಲ್ಲಿ ಹೋಗಬಹುದು. ಮಧ್ಯಾಹ್ನ ಗಂಗಾವತಿಗೆ ಬಂದು ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿನ್ನದೆ ಹೋಗಬೇಡಿ.

ಹುಲಿಗೆಮ್ಮನ ಗುಡಿ ಹೊಸಪೇಟೆಗೆ ಮರಳುವ ದಾರಿಯಲ್ಲೇ ಸಿಗುತ್ತದೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ದಿನ ಅಲ್ಲಿ ಕಾಲಿಡಲು ಜಾಗ ಇರಲ್ಲ. ಅಂಜನಾದ್ರಿಗೆ ಶನಿವಾರದ ರಶ್, ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆಯ ಸಮಯವಂತೂ ಬರಲೇಬೇಡಿ. ಕಮಲಾಪುರದ ಮ್ಯೂಸಿಯಮ್ಮಿಗೆ ಶುಕ್ರವಾರ ರಜೆ. ಇದನ್ನೆಲ್ಲ ಕಳೆದರೆ ಬುಧವಾರ ಹಂಪಿ, ಗುರುವಾರ ಅಂಜನಾದ್ರಿ ಮತ್ತು ಹುಲಿಗಿ. ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿಕೊಂಡು ರೂಮ್ ಬುಕ್ ಮಾಡಿ.