ಬಂದರು ಬೇಡ ಅಂದವರು ಯಾರು?

ಮಾರಾಯ, ನಿನ್ನೆ ಫೋನಿನಲ್ಲಿ ನಿನಗೆ ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ. "ನಿಮ್ಮ ಕಾರವಾರದವರಿಗೆ ಏನು ಬೇಕು ಅಂತಲೇ ತಿಳಿಯೋದಿಲ್ಲ. ಕೆಲಸ ಇಲ್ಲ ಅಂತ ಗೋವಾಕ್ಕೆ ಹೋಗ್ತೀರಿ, ಬಂದರು ದೊಡ್ಡದು ಮಾಡ್ತೀವಿ ಅಂದ್ರೆ ಬೀದಿಗಿಳೀತೀರಿ" ಅಂದೆಯಲ್ಲ, ಆ ಮಾತು ನಾಟಿತು. ಬೆಂಗಳೂರಿನಲ್ಲಿ ಕೂತು ನೋಡಿದರೆ ಹಾಗೆ ಕಾಣುವುದು ಸಹಜವೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ಸಂಗತಿ. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೆ ಒಂದು ದೊಡ್ಡ ಕಾರಣ ಈ ಬಂದರೇ. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದಿಂದ ಹಡಗಿಗೆ ಹಾಕಬೇಕು ಎಂಬ ವ್ಯಾಪಾರಿಗಳ ಒತ್ತಡ ಅದರ ಹಿಂದಿತ್ತು. ಆಮೇಲೆ ರೈಲು ನಮ್ಮ ಕಡೆ ಇಳಿಯದೆ ಗೋವಾದ ಮುರಗಾಂವ ಬಂದರಿಗೆ ಹೋಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ಬರಬೇಕಾದ ರೈಲಿಗೆ ನಾವು ಇವತ್ತಿಗೂ ಕಾಯುತ್ತಿದ್ದೇವೆ. ಬಂದರು ಅಂದರೆ ಏನು, ಅದರಿಂದ ಊರಿಗೆ ಏನು ಬರುತ್ತದೆ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ಚಿಕ್ಕಪ್ಪನ ಮಗ ನಮ್ಮ ಬಂದರಿರುವ ಬೈತಕೋಲದಿಂದ ಡಾಂಬರಿನ ಟ್ಯಾಂಕರ್ ಓಡಿಸಿಯೇ ಮನೆ ಕಟ್ಟಿದ. ಹಡಗು ಬಾರದ ತಿಂಗಳಲ್ಲಿ ಅವನ ಮನೆಯ ಮಾತುಕತೆಯೇ ಬೇರೆ.

ಈಗ ಜಾಗದ ಲೆಕ್ಕ ನೋಡು. ಊರಿನ ದಕ್ಷಿಣಕ್ಕೆ ಅರಗಾ, ಬಿಣಗಾದ ಕಡೆಯ ಕಡಲು ನೌಕಾನೆಲೆಗೆ ಹೋಯಿತು. ಸೀಬರ್ಡ್ ಎಂಬ ಆ ನೌಕಾ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಅದರ ನೆಲೆ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೇವಸ್ಥಾನ ಬಿಟ್ಟು ಎದ್ದವು. ದೇಶಕ್ಕೆ ಬೇಕು ಅಂದಾಗ ಕೊಟ್ಟೆವು, ಅದರ ಬಗ್ಗೆ ನಮಗೆ ಹೆಮ್ಮೆಯೂ ಇದೆ. ಆದರೆ ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಹತ್ತಿದವರೂ ನಮ್ಮವರೇ. ಉತ್ತರಕ್ಕೆ ಕಾಳಿ ನದಿಯ ಅಳಿವೆ. ನಡುವೆ ಕೋಡಿಬಾಗದಿಂದ ಬೈತಕೋಲದವರೆಗೆ ಉಳಿದಿರುವುದು ಟ್ಯಾಗೋರ್ ಕಡಲತೀರ. ಪೇಟೆಯವರಿಗೆ ಕಡಲು ಅಂದರೆ ಅದೊಂದೇ. 2020ರ ಜನವರಿಯಲ್ಲಿ ಬಂದರು ದೊಡ್ಡದು ಮಾಡಲು ಕೇಂದ್ರದ ಸಾಗರಮಾಲಾ ಯೋಜನೆಯ ಅಲೆತಡೆಗೋಡೆಗೆ ಕಲ್ಲು ಹಾಕಲು ಬಂದಾಗ ಮೀನುಗಾರರು, ಮೀನು ಮಾರುವ ಹೆಂಗಸರು, ಅಂಗಡಿಯವರು ಎಲ್ಲ ಸೇರಿ ಊರು ಬಂದ್ ಮಾಡಿದ್ದು, ಹೈಕೋರ್ಟಿನಿಂದ ತಡೆಯಾಜ್ಞೆ ಬಂದದ್ದು ಈ ಒಂದೇ ತುಂಡು ಮರಳಿಗಾಗಿ.

ನಿನಗೆ ನಿಜವಾಗಿ ತಿಳಿಯಬೇಕಾದ ತೊಡಕು ಬೇರೆಯೇ ಇದೆ, ಅದು ತಿಂಗಳುಗಳ ತೊಡಕು. ಮಳೆಗಾಲದಲ್ಲಿ ಕಡಲು ಯಾರಿಗೂ ಸಿಗುವುದಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಕಡಲು ತಿಳಿಯಾದ ಮೇಲೆ ಮುಂದಿನ ಮಳೆಯವರೆಗೆ ಸಿಗುವ ಅವೇ ತಿಂಗಳುಗಳು ಎಲ್ಲರಿಗೂ ಬೇಕು. ಹಡಗು ಹೆಚ್ಚು ಬರುವುದು ಆಗ. ಹೂಳೆತ್ತುವ ಯಂತ್ರ ಕಡಲಿಗಿಳಿಯುವುದು ಆಗ. ಪ್ರವಾಸಿಗರು ಬರುವುದು ಆಗ. ಏಂಡಿ ಬಲೆ ಬೀಳುವುದೂ ಆಗಲೇ. ದೋಣಿಯಲ್ಲಿ ಬಲೆಯನ್ನು ಅರ್ಧ ಸುತ್ತು ಬಿಟ್ಟು, ದಡದಲ್ಲಿ ನಿಂತು ಎರಡೂ ತುದಿ ಹಿಡಿದು ಜನ ಎಳೆಯುತ್ತಾರೆ. ಅದಕ್ಕೆ ಕಲ್ಲಿಲ್ಲದ ತಳ ಬೇಕು, ತೆರೆದ ದಂಡೆ ಬೇಕು. ದೊಡ್ಡ ಬೋಟ್ ಇಲ್ಲದವನಿಗೆ ಬಂಗಡೆ, ತಾರ್ಲೆ ಸಿಗುವುದು ಹೀಗೆ. ಕಡಲಾಮೆ ಮೊಟ್ಟೆಯಿಡಲು ದಂಡೆಗೆ ಹತ್ತುವುದೂ ಆ ದಿನಗಳಲ್ಲೇ. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬೇಲಿ ಹಾಕುತ್ತಾರೆ, ನಮ್ಮ ಹುಡುಗರು ಕಾಯುತ್ತಾರೆ.

ಕಲ್ಲಿನ ಗೋಡೆ ಬಂದರೆ ಅಲೆಯ ದಾರಿ ತಿರುಗುತ್ತದೆ. ಒಂದು ಕಡೆ ಮರಳು ಕೂರುತ್ತದೆ, ಇನ್ನೊಂದು ಕಡೆ ದಂಡೆ ಕೊರೆಯುತ್ತದೆ. ಹೂಳೆತ್ತಿದರೆ ಕೆಸರು ಮೇಲೆದ್ದು ಹೋಗಿ ಎಲ್ಲೋ ಕೂರಲೇಬೇಕು. ಅಳಿವೆಯ ಬಳಚು ಅನ್ನುವ ಚಿಪ್ಪುಮೀನಿನ ಮೇಲೆ ಕೂತರೆ ಅದನ್ನೇ ಹೆಕ್ಕಿ ಬದುಕುವ ಹೆಂಗಸರ ಆ ವರ್ಷ ಮುಗಿಯಿತು. ಹೂಳನ್ನು ಎಲ್ಲಿ ಸುರಿಯುತ್ತೀರಿ, ಯಾವ ತಿಂಗಳಲ್ಲಿ ತೆಗೆಯುತ್ತೀರಿ ಅಂತ ನಾವು ಕೇಳಿದರೆ ಕೈಗೆ ದಪ್ಪ ವರದಿ ಬರುತ್ತದೆ, ಉತ್ತರ ಬರುವುದಿಲ್ಲ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವೇ ಇದೆ, ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಊರಲ್ಲೇ ಇದೆ. ಈ ಕಡಲನ್ನು ಅಳೆದು ಬಲ್ಲವರು ಬಾಗಿಲಲ್ಲೇ ಇದ್ದಾರೆ. ಗೋಡೆಯ ಗೆರೆ ಎಳೆಯುವ ಮೊದಲು ಅವರನ್ನೂ ಏಂಡಿಯವರನ್ನೂ ಒಂದೇ ಮೇಜಿಗೆ ಕೂರಿಸಿ ಅನ್ನುವುದು ಅಭಿವೃದ್ಧಿ ವಿರೋಧವೇ?

2006ರ ಮೇ ಕೊನೆಯಲ್ಲಿ 'ಓಷನ್ ಸೆರಾಯಾ' ಎಂಬ ಹಡಗು ಕಾರವಾರದ ಎದುರಿನ ದೇವಗಡ ದ್ವೀಪದ ಹತ್ತಿರ ಬಂಡೆಗೆ ತಾಗಿ ಒಡೆಯಿತು. ಮಳೆಗಾಲ ಬಾಗಿಲಲ್ಲಿತ್ತು. ಅದರ ಎಣ್ಣೆ ಗಡಿಯಾಚೆಯ ಪೋಳೆಂ ಊರು ದಾಟಿ ಗೋವಾದ ದಂಡೆಗೂ ಬಡಿಯಿತು. ಗಡಿ ಅನ್ನುವುದು ಮಾಜಾಳಿಯ ಚೆಕ್‌ಪೋಸ್ಟಿನಲ್ಲಿದೆ, ನೀರಿನಲ್ಲಿಲ್ಲ. ಬೈತಕೋಲದಲ್ಲಿ ಇಳಿಯುವುದರಲ್ಲಿ ಡಾಂಬರು, ಎಣ್ಣೆಯಂಥ ಸರಕೂ ಇರುವಾಗ, ಎಣ್ಣೆ ಸುತ್ತುಗಟ್ಟುವ ಸಾಮಾನು, ಅದನ್ನು ಬಳಸಲು ಕಲಿತ ಜನ ಇಲ್ಲೇ ಸದಾ ಇರಬೇಕು ಅಂತ ಕೇಳುವುದು ನಮ್ಮ ಹಕ್ಕು.

ಮತ್ತೆ, "ನೀವು ಅರ್ಧ ಗೋವಾದವರು" ಅನ್ನುವುದನ್ನು ದಯವಿಟ್ಟು ಬಿಡು. ಮನೆಯಲ್ಲಿ ಅಮ್ಮನ ಹತ್ತಿರ ಕೊಂಕಣಿ, ಶಾಲೆಯಲ್ಲಿ ಕನ್ನಡ, ಎರಡೂ ನನ್ನವೇ. ದೊಡ್ಡ ಕಾಯಿಲೆ ಬಂದರೆ ಗೋವಾಕ್ಕೋ ಮಣಿಪಾಲಕ್ಕೋ ಓಡುವುದು ಇಲ್ಲಿ ಸೌಲಭ್ಯ ಸಾಲದ್ದಕ್ಕೆ, ರಾಜ್ಯ ಬೇಡವಾದದ್ದಕ್ಕಲ್ಲ. ಕರ್ನಾಟಕದ ಕರಾವಳಿ ಶುರುವಾಗುವುದೇ ನಮ್ಮಿಂದ ಅಂತ ಹೇಳಿಕೊಂಡು ಬೆಳೆದವರು ನಾವು. ಆದ್ದರಿಂದಲೇ ಇದನ್ನೆಲ್ಲ ಪಣಜಿಗಲ್ಲ, ವಿಧಾನಸೌಧಕ್ಕೆ ಕೇಳುತ್ತಿರುವುದು. ನೀನು ಅದರ ಎದುರಿಗೇ ದಿನಾ ಓಡಾಡುತ್ತೀಯ. ಈ ಪ್ರಶ್ನೆಯನ್ನು ಒಮ್ಮೆ ಅಲ್ಲಿಯವರಿಗೂ ಕೇಳಿ ನೋಡು.