ಬಿಳಿಮೆಣಸಿಗೆ ಕೊಟ್ಟಿಗೆಯ ವಾಸನೆ ಯಾಕೆ?

ಪ್ರಶ್ನೆ: ಕ್ರೀಮ್ ಸೂಪ್‌ನಲ್ಲಿ ಕರಿಮೆಣಸಿನ ಚುಕ್ಕೆ ಕಾಣಬಾರದು ಅಂತ ಬಿಳಿಮೆಣಸಿನ ಪುಡಿ ತಂದೆ. ಪ್ಯಾಕೆಟ್ ಬಿಚ್ಚಿದ ಕೂಡಲೇ ದನದ ಕೊಟ್ಟಿಗೆಯ ವಾಸನೆ. ಅವಧಿ ಮೀರಿಲ್ಲ, ಹುಳ ಬಿದ್ದಿಲ್ಲ. ಇದು ಕೆಟ್ಟಿದೆಯೋ, ಬಿಳಿಮೆಣಸು ಇರುವುದೇ ಹೀಗೋ?

ಉತ್ತರ: ಕೆಟ್ಟಿಲ್ಲ. ಆದರೆ ಚೆನ್ನಾಗಿ ತಯಾರಾದ ಮಾಲೂ ಅಲ್ಲ. ನಿಮ್ಮ ಮೂಗಿಗೆ ಮೋಸವಾಗಿಲ್ಲ, ಕೊಟ್ಟಿಗೆಯಲ್ಲಿ ನಾರುವ ರಾಸಾಯನಿಕಗಳೇ ಆ ಪ್ಯಾಕೆಟ್ಟಿನಲ್ಲೂ ಇವೆ.

ಅದು ಹೇಗೆ ಬಂತು ಅನ್ನುವುದಕ್ಕೆ ಬಳ್ಳಿಯಿಂದಲೇ ಶುರು ಮಾಡಬೇಕು. ಕರಿ, ಬಿಳಿ, ಹಸಿರು, ಕೆಂಪು ಈ ನಾಲ್ಕೂ ಒಂದೇ ಬಳ್ಳಿಯ ಕಾಳು. ಬಲಿತ, ಆದರೆ ಇನ್ನೂ ಹಣ್ಣಾಗದ ಹಸಿರು ಕಾಳನ್ನು ಕೊಯ್ದು ಬಿಸಿಲಿಗೆ ಹರವಿದರೆ ಸಿಪ್ಪೆಯಲ್ಲಿರುವ ಕಿಣ್ವಗಳು ಕೆಲಸ ಮಾಡಿ ಅದನ್ನು ಕಪ್ಪಾಗಿಸುತ್ತವೆ. ಸಿಪ್ಪೆ ಸುಕ್ಕುಗಟ್ಟಿ ಕಾಳಿಗೇ ಅಂಟಿಕೊಳ್ಳುತ್ತದೆ. ಅದೇ ಕರಿಮೆಣಸು. ಬಿಳಿಮೆಣಸಿಗೆ, ಬೆಳೆಗಾರರ ಮಾತಿನಲ್ಲಿ ಬೋಳುಕಾಳಿಗೆ, ಗೊಂಚಲು ಹಣ್ಣಾಗಿ ಕೆಂಪು ತಿರುಗುವ ತನಕ ಕಾಯುತ್ತಾರೆ. ಆಮೇಲೆ ಕಾಳನ್ನು ಗೋಣಿಗೆ ತುಂಬಿ ಒಂದೆರಡು ವಾರ ನೀರಿನಲ್ಲಿ ಮುಳುಗಿಸಿಡುತ್ತಾರೆ. ಸಿಪ್ಪೆ ಕೊಳೆತು ಮೆತ್ತಗಾಗುತ್ತದೆ. ಅದನ್ನು ತುಳಿದೋ ಉಜ್ಜಿಯೋ ತೊಳೆದು ತೆಗೆದರೆ ಒಳಗಿನ ಬೂದುಬಿಳಿ ಬೀಜ ಉಳಿಯುತ್ತದೆ. ಒಣಗಿಸಿದರೆ ಕೆಲಸ ಮುಗಿಯಿತು.

ಎಡವಟ್ಟು ಆಗುವುದು ಆ ಒಂದೆರಡು ವಾರದಲ್ಲಿ. ಹರಿಯುವ ತಿಳಿನೀರಿದ್ದರೆ, ಇಲ್ಲವೇ ದಿನಾ ನೀರು ಬದಲಾಯಿಸಿದರೆ ತೊಂದರೆ ಕಡಿಮೆ. ನಿಂತ ನೀರಿನಲ್ಲೇ ಬಿಟ್ಟರೆ ಬ್ಯಾಕ್ಟೀರಿಯಾಗಳು ಸಿಪ್ಪೆಯ ಜೊತೆಗೆ ಪ್ರೋಟೀನಿನ ಅಂಶಗಳನ್ನೂ ಒಡೆದು ಸ್ಕಟೋಲ್ ಮತ್ತು ಪ್ಯಾರಾ-ಕ್ರೆಸಾಲ್ ಎಂಬ ಎರಡು ವಸ್ತುಗಳನ್ನು ಹುಟ್ಟಿಸುತ್ತವೆ. ಮೊದಲನೆಯದು ಮಲದ ನಾತಕ್ಕೆ ಕಾರಣವಾದದ್ದು, ಎರಡನೆಯದು ಹಟ್ಟಿಯ ನಾತಕ್ಕೆ. ಎರಡೂ ಎಷ್ಟು ಖಡಕ್ಕೆಂದರೆ ಲವಲೇಶವಿದ್ದರೂ ಮೂಗಿಗೆ ಬಡಿಯುತ್ತವೆ. ಅದು ಬೀಜದೊಳಕ್ಕೇ ಇಳಿದಿರುವುದರಿಂದ ಆಮೇಲೆ ಎಷ್ಟು ತೊಳೆದರೂ, ಒಣಗಿಸಿದರೂ ಪೂರ್ತಿ ಹೋಗುವುದಿಲ್ಲ. ಕೊಳೆಸುವ ಗೊಡವೆಯೇ ಬೇಡ ಅಂತ ಹಣ್ಣುಕಾಳನ್ನು ಹಬೆಯಲ್ಲಿ ಬೇಯಿಸಿ ಯಂತ್ರದಿಂದ ಸಿಪ್ಪೆ ಸುಲಿಯುವ ವಿಧಾನವೂ ಇದೆ. ಆ ಮಾಲಿಗೆ ಈ ನಾತ ಇರುವುದಿಲ್ಲ.

ಒಂದು ಮಾತು ಒಪ್ಪಬೇಕು. ಈ ಹುಳಿತ ವಾಸನೆ ತೀರಾ ಹಗುರವಾಗಿದ್ದಾಗ ಅದನ್ನೇ ಬಯಸುವ ಅಡುಗೆಯವರಿದ್ದಾರೆ. ಚೀನಾದ ಹುಳಿ-ಖಾರದ ಸೂಪಿಗೆ ಬಿಳಿಮೆಣಸೇ ಆಗಬೇಕು, ಕರಿಮೆಣಸು ಹಾಕಿದರೆ ಅದು ಬೇರೆಯದೇ ಸೂಪ್. ಇಂಡೊನೇಷ್ಯಾದ ಬಂಗ್ಕಾ ದ್ವೀಪದ ಮುಂಟೊಕ್, ಮಲೇಷ್ಯಾದ ಸರವಾಕ್, ಕ್ಯಾಮರೂನಿನ ಪೆಂಜಾ, ಇವೆಲ್ಲ ಬಿಳಿಮೆಣಸಿಗೇ ಹೆಸರು ಮಾಡಿದ ಜಾಗಗಳು. ಪೆಂಜಾ ಮೆಣಸಿಗೆ 2013ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಒಳ್ಳೆಯ ಬಿಳಿಮೆಣಸಿನಲ್ಲಿ ಮಣ್ಣಿನ ಹಗುರ ವಾಸನೆ, ನೇರವಾದ ಖಾರ ಇರುತ್ತದೆ. ಕೊಟ್ಟಿಗೆಯಂತೂ ನೆನಪಾಗಬಾರದು.

ನಿಮ್ಮ ಪ್ಯಾಕೆಟ್ಟನ್ನು ತಿಂದರೆ ಅಪಾಯವಿಲ್ಲ. ಬೆಳ್ಳುಳ್ಳಿ, ಶುಂಠಿ, ವಿನೆಗರ್ ಧಾರಾಳವಾಗಿ ಬೀಳುವ ಅಡುಗೆಗೆ ಚಿಟಿಕೆ ಚಿಟಿಕೆಯಾಗಿ ಬಳಸಿ ಮುಗಿಸಬಹುದು. ಕ್ರೀಮಿನಂಥ ಸಪ್ಪೆ ಪದಾರ್ಥಕ್ಕೆ ಮಾತ್ರ ಬೇಡ, ಅಲ್ಲಿ ವಾಸನೆಗೆ ಅಡಗಿಕೊಳ್ಳಲು ಜಾಗವಿಲ್ಲ. ಮುಂದಿನ ಸಲ ಇಡೀ ಕಾಳನ್ನೇ ತನ್ನಿ. ಪುಡಿಯಲ್ಲಿ ಏನೇನು ಸೇರಿದೆ ಅಂತ ಯಾರಿಗೆ ಗೊತ್ತು? ಬಿಳಿ ಪುಡಿಗೆ ಹಿಟ್ಟು ಬೆರೆಸುವುದಂತೂ ತೀರಾ ಸುಲಭ.

ಪ್ರಶ್ನೆ: ಬಿಳಿಮೆಣಸಿಗೆ ಯಾಕಷ್ಟು ದುಬಾರಿ ಬೆಲೆ? ಮನೆಯಲ್ಲಿರುವ ಕರಿಮೆಣಸನ್ನೇ ನೆನೆಸಿ ಸಿಪ್ಪೆ ತೆಗೆದರೆ ಆಗುವುದಿಲ್ಲವೇ?

ಉತ್ತರ: ಲೆಕ್ಕ ನೋಡಿ. 100 ಕೆಜಿ ಹಸಿ ಕಾಳಿನಿಂದ ಹೆಚ್ಚುಕಡಿಮೆ 33 ಕೆಜಿ ಕರಿಮೆಣಸು ಬರುತ್ತದೆ. ಬಿಳಿಮೆಣಸಾದರೆ ಸಿಪ್ಪೆಯ ತೂಕ ಹೋಗಿ 25 ಕೆಜಿಯ ಆಸುಪಾಸು. ಅದರ ಮೇಲೆ ಹಣ್ಣಾಗುವ ತನಕ ಕಾಯುವ ರಿಸ್ಕ್ ಬೇರೆ. ಕೆಂಪಾದ ಕಾಳು ಉದುರುತ್ತದೆ, ಹಕ್ಕಿಗಳೂ ಬಿಡುವುದಿಲ್ಲ. ಜೊತೆಗೆ ನೀರು, ಕೂಲಿ.

ಒಣಗಿದ ಕರಿಮೆಣಸನ್ನು ನಾಲ್ಕೈದು ದಿನ, ದಿನಾ ನೀರು ಬದಲಿಸುತ್ತಾ ನೆನೆಸಿದರೆ ಸಿಪ್ಪೆ ಸಡಿಲವಾಗಿ ಉಜ್ಜಿದಾಗ ಬರುತ್ತದೆ. ಅಲ್ಲಲ್ಲಿ ಕಪ್ಪು ತುಣುಕು ಉಳಿಯುತ್ತದೆ, ಬಣ್ಣ ಮಂಕು. ಯಂತ್ರದಲ್ಲಿ ಹೀಗೆ ಕರಿಮೆಣಸಿನ ಹೊಟ್ಟು ತೆಗೆದು ಬಿಳಿಮೆಣಸೆಂದು ಮಾರುವುದೂ ಉಂಟು. ಕುತೂಹಲಕ್ಕೆ ಒಂದು ಹಿಡಿ ಮಾಡಿ ನೋಡಿ, ತಪ್ಪಿಲ್ಲ. ಆದರೆ ಮೆಣಸಿನ ಘಮದ ದೊಡ್ಡ ಪಾಲು ಇರುವುದು ಸಿಪ್ಪೆಯಲ್ಲಿ, ಖಾರ ಇರುವುದು ಒಳಗಿನ ಬೀಜದಲ್ಲಿ. ಅಂದರೆ ನೀವು ಕಷ್ಟಪಟ್ಟು ಕಿತ್ತು ಎಸೆಯುವುದು ಘಮವನ್ನು! ಬರೀ ಚುಕ್ಕೆ ಕಾಣಬಾರದು ಅನ್ನುವ ಕಾರಣಕ್ಕೆ ಇಷ್ಟೆಲ್ಲ ಮಾಡುವುದು ನನ್ನ ಮಟ್ಟಿಗೆ ವ್ಯರ್ಥ. ಬಿಳಿಮೆಣಸನ್ನು ಅದರ ರುಚಿಗಾಗಿ ಹಾಕಬೇಕು. ಬಣ್ಣಕ್ಕಾಗಿಯಾದರೆ ಕರಿಮೆಣಸನ್ನು ಇಡಿಯಾಗಿ ಬಟ್ಟೆಯಲ್ಲಿ ಕಟ್ಟಿ ಕುದಿಸಿ, ಆಮೇಲೆ ಗಂಟು ತೆಗೆದುಬಿಡಿ.

ಪ್ರಶ್ನೆ: ಪಾಕವಿಧಾನದಲ್ಲಿ ಅರ್ಧ ಚಮಚ ಬಿಳಿಮೆಣಸು ಅಂತ ಇದೆ. ಕರಿಮೆಣಸಾದರೆ ಎಷ್ಟು?

ಉತ್ತರ: ಅಷ್ಟೇ. ಖಾರದಲ್ಲಿ ಅಂಥ ವ್ಯತ್ಯಾಸವಿಲ್ಲ, ಘಮ ಮಾತ್ರ ಬದಲಾಗುತ್ತದೆ.

ಪ್ರಶ್ನೆ: ಕಪ್ಪು, ಬಿಳಿ, ಹಸಿರು, ಗುಲಾಬಿ ಕಾಳು ಬೆರೆತ ಬಾಟಲಿ ಉಡುಗೊರೆಯಾಗಿ ಬಂದಿದೆ. ಗಿರಣಿಗೆ ಹಾಕಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ನನ್ನ ಮಗನಿಗೆ ಗೋಡಂಬಿ ಅಲರ್ಜಿ, ಮೆಣಸಿನಿಂದೇನೂ ಆಗುವುದಿಲ್ಲವಲ್ಲ?

ಉತ್ತರ: ಕೊನೆಯ ಮಾತೇ ಮುಖ್ಯ, ಅದನ್ನು ಮೊದಲು ಹೇಳುತ್ತೇನೆ. ಆ ಬಾಟಲಿಯನ್ನು ಮಗನ ಊಟಕ್ಕೆ ಬಳಸಬೇಡಿ. ಗುಲಾಬಿ ಕಾಳು ಮೆಣಸೇ ಅಲ್ಲ. ಅದು ದಕ್ಷಿಣ ಅಮೆರಿಕ ಮೂಲದ ಸ್ಕೈನಸ್ ಎಂಬ ಮರದ ಹಣ್ಣು. ಆ ಮರ ಗೋಡಂಬಿ, ಪಿಸ್ತಾ, ಮಾವುಗಳ ಕುಟುಂಬಕ್ಕೆ ಸೇರಿದ್ದು. ಗೋಡಂಬಿ ಆಗದವರಿಗೆ ಇದೂ ಆಗದಿರುವ ಸಾಧ್ಯತೆ ನಿಜಕ್ಕೂ ಇದೆ. ಗುಲಾಬಿ ಕಾಳನ್ನು ಹೆಕ್ಕಿ ತೆಗೆದರೂ ಅದರ ಸಿಪ್ಪೆಯ ಪುಡಿ ಉಳಿದಿರುತ್ತದೆ, ಹಾಗಾಗಿ ಇಡೀ ಬಾಟಲಿಯನ್ನೇ ಬೇರೆಯವರಿಗೆ ಕೊಡಿ. ಗಿರಣಿಯನ್ನೂ ಬಿಚ್ಚಿ ತೊಳೆದು ಒಣಗಿಸಿ. ಮಗನಿಗೆ ಗುಲಾಬಿ ಕಾಳು ಆಗುತ್ತದೋ ಇಲ್ಲವೋ ಅನ್ನುವುದನ್ನು ಅಲರ್ಜಿ ವೈದ್ಯರನ್ನೇ ಕೇಳಿ, ಮನೆಯಲ್ಲಿ ಪರೀಕ್ಷೆ ಬೇಡ.

ಗಿರಣಿ ಕಟ್ಟಿಕೊಳ್ಳುವುದಕ್ಕೂ ಅದೇ ಕಾಳು ಕಾರಣ. ಬೆರಳಲ್ಲಿ ಒತ್ತಿ ನೋಡಿ: ಹೊರಗಿನ ಕಾಗದದಂಥ ಗುಲಾಬಿ ಪದರ ಪಟ್ಟನೆ ಪುಡಿಯಾಗುತ್ತದೆ, ಒಳಗಿನ ಬೀಜ ಎಣ್ಣೆಯಂಟು. ಗಿರಣಿಯ ಹಲ್ಲಿಗೆ ಅಂಟುವುದು ಅದೇ. ರುಚಿ ಸಿಹಿ, ರಾಳದ ಒಗರು, ಖಾರ ಹೆಸರಿಗಷ್ಟೇ. ಅಲರ್ಜಿ ಇಲ್ಲದವರು ಹಣ್ಣಿನ ಹೋಳು, ಚಾಕೊಲೇಟ್ ಮೇಲೆ ಕೈಯಲ್ಲೇ ಪುಡಿಮಾಡಿ ಉದುರಿಸಿದರೆ ಚಂದ.

ಹಸಿರು ಕಾಳು ಮಾತ್ರ ಅಪ್ಪಟ ಮೆಣಸೇ. ಸುಮ್ಮನೆ ಬಿಸಿಲಿಗಿಟ್ಟರೆ ಕಪ್ಪಾಗುತ್ತದಲ್ಲ, ಅದಕ್ಕೆ ಉಪ್ಪುನೀರಿನಲ್ಲಿಟ್ಟೋ, ಹೆಪ್ಪುಗಟ್ಟಿಸಿ ಒಣಗಿಸಿಯೋ ಬಣ್ಣ ಉಳಿಸುತ್ತಾರೆ. ಅದರ ತಾಜಾ ಸೊಪ್ಪಿನ ಪರಿಮಳ ಬಹಳ ಸೂಕ್ಷ್ಮ. ನಾಲ್ಕು ಬಣ್ಣ ಒಟ್ಟಿಗೆ ಅರೆದಾಗ ಮೇಲೆ ಬರುವುದು ಕರಿಮೆಣಸೊಂದೇ. ಆ ಬಾಟಲಿ ನೋಡುವುದಕ್ಕಷ್ಟೇ ಸೊಗಸು.

ಪ್ರಶ್ನೆ: ಸಿಚುವಾನ್ ಪೆಪ್ಪರ್ ತರಿಸಿದೆ. ಖಾರವೇ ಇಲ್ಲ, ನಾಲಿಗೆ ಮರಗಟ್ಟಿತು. ನಕಲಿಯೇ?

ಉತ್ತರ: ಅಸಲಿ. ಅದು ಕೂಡ ಮೆಣಸಿನ ನೆಂಟನಲ್ಲ, ನಿಂಬೆಯ ಕುಟುಂಬದ್ದು. ಅದರ ಸ್ಯಾನ್‌ಶೂಲ್ ಎಂಬ ಅಂಶ ತುಟಿ-ನಾಲಿಗೆಯ ಸ್ಪರ್ಶದ ನರಗಳನ್ನೇ ಕೆಣಕುತ್ತದೆ. 2013ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗವೊಂದರಲ್ಲಿ ಆ ಜುಮ್ಮು ಸೆಕೆಂಡಿಗೆ ಸುಮಾರು 50 ಕಂಪನಗಳಿಗೆ ಹೊಂದುತ್ತದೆಂದು ಕಂಡುಬಂತು. ಅಡುಗೆಗೆ ಬೇಕಾದದ್ದು ಬಿರಿದ ಸಿಪ್ಪೆ. ಒಳಗಿನ ಹೊಳೆಯುವ ಕಪ್ಪು ಬೀಜ ಮರಳಿನ ಹಾಗೆ ಹಲ್ಲಿಗೆ ಸಿಗುತ್ತದೆ, ಆರಿಸಿ ಎಸೆಯಿರಿ.

ಪ್ರಶ್ನೆ: ಮೆಣಸಿನ ಪುಡಿ ತಿಂಗಳೊಳಗೆ ಸಪ್ಪೆಯಾಗುತ್ತಿದೆ. ಶೇಖರಿಸುವುದು ಹೇಗೆ, ಅಡುಗೆಗೆ ಯಾವಾಗ ಹಾಕಬೇಕು? ಪಪ್ಪಾಯಿ ಬೀಜ ಬೆರೆಸಿರಬಹುದೇ?

ಉತ್ತರ: ಪುಡಿಯಾದ ಗಳಿಗೆಯಿಂದ ಘಮದ ತೈಲ ಹಾರಿಹೋಗತೊಡಗುತ್ತದೆ, ಅದಕ್ಕೆ ತಡೆಯಿಲ್ಲ. ಕಾಳು ಇಡಿಯಾಗಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಇನ್ನು ಖಾರ. ಅದಕ್ಕೆ ಕಾರಣ ಪಿಪರೀನ್. 1819ರಲ್ಲಿ ಇದನ್ನು ಮೊದಲು ಬೇರ್ಪಡಿಸಿದವನು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್, ಮರುವರ್ಷ ವಿದ್ಯುತ್ತಿಗೂ ಕಾಂತತೆಗೂ ಇರುವ ನಂಟನ್ನು ಕಂಡುಹಿಡಿದ ಅದೇ ವಿಜ್ಞಾನಿ. ಬೆಳಕು ಬಿದ್ದರೆ ಪಿಪರೀನಿನ ಅಣುವಿನ ಆಕಾರ ಬದಲಾಗಿ ಖಾರ ಕಳೆದುಹೋಗುತ್ತದೆ. ಕಿಟಕಿ ಪಕ್ಕದ ಗಾಜಿನ ಭರಣಿ ಅದಕ್ಕೇ ಬೇಡ. ಸ್ಟೀಲಿನ ಡಬ್ಬಿ, ಒಲೆಯಿಂದ ದೂರ, ಸಾಕು.

ಹಾಕುವ ಹೊತ್ತು ನಿಮಗೇನು ಬೇಕು ಅನ್ನುವುದರ ಮೇಲೆ ಹೋಗುತ್ತದೆ. ಪಿಪರೀನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಖಾರ ಎಲ್ಲ ಕಡೆ ಹರಡಬೇಕಾದರೆ ಶುರುವಿನಲ್ಲೇ ಬಿಸಿ ಎಣ್ಣೆಗೋ ಬೆಣ್ಣೆಗೋ ಹಾಕಿ. ಘಮ ಬೇಕಾದರೆ ಒಲೆ ಆರಿಸಿದ ಮೇಲೆ ಆಗಲೇ ಕುಟ್ಟಿದ್ದನ್ನು ಉದುರಿಸಿ. ನಾನಂತೂ ಎರಡು ಸಲವೂ ಹಾಕುತ್ತೇನೆ.

ಪಪ್ಪಾಯಿ ಬೀಜದ ಅನುಮಾನ ಇಡೀ ಕಾಳಿನಲ್ಲಾದರೆ ಬೇಗ ಬಗೆಹರಿಯುತ್ತದೆ. ನೀರಿಗೆ ಹಾಕಿ ತೇಲಿದ್ದೆಲ್ಲ ಪಪ್ಪಾಯಿ ಅನ್ನುವ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ, ಎಳೆಯ ಜೊಳ್ಳು ಮೆಣಸೂ ತೇಲುತ್ತದೆ. ತೇಲಿದ್ದನ್ನು ತೆಗೆದು ನೋಡಿ. ಮೆಣಸು ದುಂಡಗಿರುತ್ತದೆ, ಪಪ್ಪಾಯಿ ಬೀಜ ಕೋಳಿಮೊಟ್ಟೆಯ ಹಾಗೆ ಉದ್ದುದ್ದ, ಹಸಿರು ಬೆರೆತ ಕಂದು. ಆಗಲೂ ಸಂಶಯವಿದ್ದರೆ ಒಂದನ್ನು ಕಚ್ಚಿ. ಪುಡಿಯಲ್ಲಾದರೆ ಇದ್ಯಾವುದೂ ನಡೆಯುವುದಿಲ್ಲ, ಸೂಕ್ಷ್ಮದರ್ಶಕವೇ ಬೇಕು.